ವಿಶೇಷೋಪಾಧ್ಯಾಯರ ಕಾಯಕವೂ ಸಂತೃಪ್ತಿಯೂ

(ಶ್ರೀಮಠದ ಸುವರ್ಣ ಮಹೋತ್ಸವದ ವಿದ್ವತ್ಸಭೆಯಲ್ಲಿ ಓದಲಾದ ಉಪನ್ಯಾಸ)



ವಿದ್ಯಾದಾನವು ದಾನಗಳಲ್ಲೆಲ್ಲ ಮಿಗಿಲಾದುದೆಂದು ಹಿರಿಯರು ಹೇಳುತ್ತ ಬಂದಿರುವರು. ಆದರೆ ದಾನವನ್ನು ಕುರಿತು ವಿಚಾರಿಸುವಾಗ ಲೋಕವು ಕೊಟ್ಟ ವಸ್ತುವನ್ನೂ ಪಡೆದ ವ್ಯಕ್ತಿಯನ್ನೂ ಲೆಕ್ಕಿಸುವಷ್ಟು ಕೊಟ್ಟವನ ಅಂತರಂಗವನ್ನು ಲೆಕ್ಕಿಸುವುದಿಲ್ಲ. ಶಾಲೆಯ ವಿಷಯದಲ್ಲಿಯೂ ರೀತಿ ಇದೇ. ಎಷ್ಟು ಮಕ್ಕಳು ಕಲಿತರು, ಎಷ್ಟು ಮಂದಿ ತೇರ್ಗಡೆ ಹೊಂದಿದರು ಎಂದು ಕೇಳುವವರು ಬಹುಮಂದಿ. ಕಲಿಸಿದವನು ಸಂಜೆ ಮನೆಗೆ ಮರಳುವಾಗ ಅವನ ಮನಸ್ಸು ತುಂಬಿತ್ತೋ ಬರಿದಾಗಿತ್ತೋ ಎಂದು ಕೇಳುವವರು ವಿರಳ. ಆ ವಿರಳವಾದ ಪ್ರಶ್ನೆಯೇ ಇಂದಿನ ವಿಷಯವಾಗಿರುವುದು. ಅದರಲ್ಲಿಯೂ ಸಾಮಾನ್ಯ ಪ್ರಾಥಮಿಕ ಶಾಲೆಗಳಲ್ಲಿ ದೃಷ್ಟಿ, ಶ್ರವಣ, ಅಂಗ ಅಥವಾ ಬುದ್ಧಿಯ ಕೊರತೆಯುಳ್ಳ ಮಕ್ಕಳಿಗೆ ಕಲಿಸಲೆಂದೇ ನಿಯಮಿತರಾದ ವಿಶೇಷೋಪಾಧ್ಯಾಯರಿಗೆ ತಮ್ಮ ಉದ್ಯೋಗದಲ್ಲಿ ಸಂತೃಪ್ತಿಯುಂಟೆ, ಉಂಟಾದರೆ ಅದು ಎಲ್ಲಿಂದ ಬರುವುದು, ಇಲ್ಲವಾದರೆ ಯಾರ ದೋಷದಿಂದ ಇಲ್ಲವಾಗುವುದು ಎಂಬುದನ್ನು ಇಲ್ಲಿ ಕ್ರಮವಾಗಿ ವಿಚಾರಿಸಲಾಗುವುದು. ಶಾಸ್ತ್ರಪಾಠದ ಪದ್ಧತಿಯಂತೆ ಮೊದಲು ವಿಷಯ, ಆಮೇಲೆ ಸಂಶಯ, ಪೂರ್ವಪಕ್ಷ, ಸಿದ್ಧಾಂತ, ಕಡೆಗೆ ಪ್ರಯೋಜನ ಎಂಬ ಐದು ಅಂಗಗಳನ್ನು ಅನುಸರಿಸಿದರೆ ವಿಚಾರವು ಸುಗಮವಾದೀತು.

ಮೊದಲು ವಿಷಯ. ಹಿಂದೆ ಇಂಥ ಮಕ್ಕಳಲ್ಲಿ ಬಹುಪಾಲು ಮನೆಯ ಮೂಲೆಯಲ್ಲಿಯೇ ಉಳಿಯುತ್ತಿದ್ದರು. ಅದೃಷ್ಟವಿದ್ದ ಕೆಲವರು ದೂರದ ಪಟ್ಟಣದ ಪ್ರತ್ಯೇಕ ಶಾಲೆಗಳನ್ನು ಸೇರುತ್ತಿದ್ದರು. ಓರಗೆಯ ಮಕ್ಕಳ ಜೊತೆಯಲ್ಲಿ, ತನ್ನ ಊರಿನ ಶಾಲೆಯಲ್ಲಿಯೇ ಇಂಥ ಮಗುವೂ ಕಲಿಯಬೇಕೆಂಬ ಭಾವನೆಯು ಭಾರತದಲ್ಲಿ ಸರಕಾರದ ಯೋಜನೆಯಾಗಿ ರೂಪುಗೊಂಡುದು 1974ರಲ್ಲಿ. 1994ರಲ್ಲಿ ಸ್ಪೇನ್ ದೇಶದ ಸಲಮಾಂಕಾ ನಗರದಲ್ಲಿ ಸೇರಿದ 92 ಸರಕಾರಗಳ ಪ್ರತಿನಿಧಿಗಳು, ಸಾಮಾನ್ಯ ಶಾಲೆಯು ಎಲ್ಲ ಮಕ್ಕಳಿಗೂ ಬಾಗಿಲು ತೆರೆಯತಕ್ಕದ್ದೆಂದು ಸಾರಿದರು. 1995ರ ವಿಕಲಚೇತನರ ಹಕ್ಕುಗಳ ಕಾಯಿದೆಯೂ, 2010ರ ಏಪ್ರಿಲ್ 1ರಿಂದ ಕಡ್ಡಾಯ ಶಿಕ್ಷಣದ ಹಕ್ಕಿನ ಕಾಯಿದೆಯೂ ಜಾರಿಗೆ ಬಂದವು. 2016ರ ಹೊಸ ಕಾಯಿದೆಯು ಹಿಂದಿನ ಏಳು ಬಗೆಯ ವೈಕಲ್ಯಗಳ ಸ್ಥಾನದಲ್ಲಿ 21 ಬಗೆಗಳನ್ನು ಅಂಗೀಕರಿಸಿ, ಬ್ರೈಲ್ ಲಿಪಿ ಮತ್ತು ಸಂಜ್ಞಾಭಾಷೆಗಳನ್ನು ಬಲ್ಲ ಉಪಾಧ್ಯಾಯರನ್ನು ತಯಾರುಮಾಡಿ ನೇಮಿಸುವುದು ಸರಕಾರಗಳ ಕರ್ತವ್ಯವೆಂದು ವಿಧಿಸಿತು. ಇದಕ್ಕೆ ಕನ್ನಡ ನಾಡಿನಲ್ಲಿ ಸಮನ್ವಯ ಶಿಕ್ಷಣವೆಂಬ ಹೆಸರು ರೂಢವಾಗಿರುವುದು.

ಈ ಸಮನ್ವಯದ ಭಾರವನ್ನು ಹೊರತಕ್ಕವರೇ ವಿಶೇಷೋಪಾಧ್ಯಾಯರು. ಭಾರತೀಯ ಪುನರ್ವಸತಿ ಪರಿಷತ್ತು ಮಾನ್ಯಮಾಡಿದ ತರಬೇತಿಯನ್ನು ಪಡೆದು, ಆ ಪರಿಷತ್ತಿನಲ್ಲಿ ಹೆಸರನ್ನು ನೋಂದಾಯಿಸಿಕೊಂಡ ಮೇಲೆಯೇ ಇವರು ಈ ವೃತ್ತಿಗೆ ಅರ್ಹರಾಗುವರು. ಕರ್ನಾಟಕದಲ್ಲಿ ಬಿ.ಐ.ಇ.ಆರ್.ಟಿ. ಎಂಬ ಅಕ್ಷರಗಳಿಂದ ಕರೆಯಲ್ಪಡುವ ಸಂಪನ್ಮೂಲ ಶಿಕ್ಷಕರು ಒಂದು ಶಾಲೆಗೆ ಸೇರಿದವರಲ್ಲ. ಒಂದು ಶೈಕ್ಷಣಿಕ ವಲಯದ ಅನೇಕ ಶಾಲೆಗಳಿಗೆ ಸೇರಿದವರು. ಒಂದು ದಿನ ಒಂದು ಊರಿನ ಕನ್ನಡ ಶಾಲೆ, ಮರುದಿನ ಇನ್ನೊಂದೂರು. ನಡುವೆ ವೈದ್ಯಕೀಯ ತಪಾಸಣೆಯ ಶಿಬಿರ, ಶ್ರವಣಸಾಧನ ಹಾಗೂ ಗಾಲಿಕುರ್ಚಿಗಳ ಹಂಚಿಕೆ, ಎದ್ದು ಬರಲಾರದ ಮಗುವಿಗೆ ಅದರ ಮನೆಯಲ್ಲಿಯೇ ಪಾಠ, ಇವೆಲ್ಲಕ್ಕೂ ಕಾಗದಪತ್ರ. ಇಷ್ಟು ಇವರ ನಿತ್ಯಕರ್ಮದ ಹೊರರೂಪ.

ಒಳರೂಪವು ಇದಕ್ಕಿಂತ ಸೂಕ್ಷ್ಮವಾದುದು. ಬುದ್ಧಿಯ ಬೆಳವಣಿಗೆ ನಿಧಾನವಾದ ಮಗುವಿಗೆ ಅಂಗಿಯ ಗುಂಡಿ ಹಾಕಿಕೊಳ್ಳುವುದನ್ನು ಕಲಿಸುವ ರೀತಿಯನ್ನು ನೋಡಿದರೆ ಸಾಕು. ಕಣ್ಣುಳ್ಳವರಿಗೆ ಅದು ಒಂದೇ ಕ್ರಿಯೆ. ಉಪಾಧ್ಯಾಯರಾದರೋ ಅದನ್ನು ಹಲವು ಕ್ರಿಯೆಗಳಾಗಿ ಬಿಡಿಸುವರು: ಅಂಚನ್ನು ಹಿಡಿಯುವುದು, ಗುಂಡಿಯನ್ನು ಚಿವುಟಿ ಹಿಡಿಯುವುದು, ರಂಧ್ರವನ್ನು ಹುಡುಕುವುದು, ಅರ್ಧ ತೂರಿಸುವುದು, ಆಚೆಯಿಂದ ಎಳೆದುಕೊಳ್ಳುವುದು. ಆಮೇಲೆ ಮೊದಲಿನ ನಾಲ್ಕನ್ನು ತಾವೇ ಮಾಡಿ, ಕೊನೆಯ ಎಳೆತವನ್ನು ಮಾತ್ರ ಮಗುವಿಗೆ ಬಿಡುವರು. ಅದು ಕೈವಶವಾದಾಗ ಕೊನೆಯ ಎರಡನ್ನು, ಬಳಿಕ ಮೂರನ್ನು ಬಿಡುವರು. ಹೀಗೆ ಹಿಂದಿನಿಂದ ಮುಂದಕ್ಕೆ ಬರುವುದರಿಂದ ಕೆಲಸವನ್ನು ಪೂರ್ಣಗೊಳಿಸಿದ ಸಂತೋಷವು ಪ್ರತಿಸಲವೂ ಮಗುವಿನದೇ ಆಗುವುದು. ದೃಷ್ಟಿಯಿಲ್ಲದ ಮಗುವಿಗೆ ಆರು ಚುಕ್ಕೆಗಳ ಬ್ರೈಲ್ ಲಿಪಿಯನ್ನು ಕಲಿಸುವಾಗ ಮತ್ತೊಂದು ಕಷ್ಟ. ತಗಡಿನ ಚೌಕಟ್ಟಿನಲ್ಲಿ ಕಾಗದವನ್ನಿಟ್ಟು ಮೊಳೆಯಿಂದ ಚುಚ್ಚಿ ಬರೆಯುವಾಗ ಬಲದಿಂದ ಎಡಕ್ಕೆ ಬರೆಯಬೇಕು. ಕಾಗದವನ್ನು ಮಗುಚಿ ಓದುವಾಗ ಎಡದಿಂದ ಬಲಕ್ಕೆ ಬೆರಳು ಓಡಬೇಕು. ಬರೆಯುವಾಗ ಒಂದು ರೂಪ, ಓದುವಾಗ ಅದರ ಕನ್ನಡಿಯ ರೂಪ! ಈ ಎರಡೂ ಒಂದೇ ಅಕ್ಷರವೆಂದು ಮಗುವಿಗೆ ಹೊಳೆಯುವ ಗಳಿಗೆಯನ್ನು ಕಾಯುವುದಕ್ಕೆ ತಾಳ್ಮೆಯೊಂದೇ ಸಾಲದು; ಆ ಗಳಿಗೆ ಬಂದೇ ಬರುವುದೆಂಬ ನಂಬಿಗೆ ಬೇಕು.

ಇನ್ನು ಸಂಶಯವು ಹೀಗೆ ಹುಟ್ಟುವುದು: ಇಂಥ ಉದ್ಯೋಗದಲ್ಲಿ ಸಂತೃಪ್ತಿಯು ಕೆಲಸದೊಳಗಿನಿಂದಲೇ ಉದಿಸುವುದೋ, ಅಥವಾ ವೇತನ, ಸ್ಥಾನ, ಗೌರವಗಳೆಂಬ ಹೊರಗಿನ ಕಾರಣಗಳಿಂದ ಬರುವುದೋ? ಪಾಶ್ಚಾತ್ಯ ವಿದ್ವಾಂಸರಲ್ಲಿ ಇದನ್ನು ಶೋಧಿಸಿದವರುಂಟು. ಅಮೆರಿಕದ ಫ್ರೆಡರಿಕ್ ಹರ್ಜ್‌ಬರ್ಗ್ ಎಂಬವರು ಸುಮಾರು 200 ಮಂದಿ ಎಂಜಿನಿಯರರನ್ನೂ ಲೆಕ್ಕಿಗರನ್ನೂ ಪ್ರಶ್ನಿಸಿ 1959ರಲ್ಲಿ ಒಂದು ಮತವನ್ನು ಮಂಡಿಸಿದರು. ಸಾಧನೆ, ಮನ್ನಣೆ, ಕೆಲಸದ ಸ್ವಾರಸ್ಯ, ಹೊಣೆಗಾರಿಕೆ, ಏಳಿಗೆ ಇವು ತೃಪ್ತಿಯನ್ನು ಹುಟ್ಟಿಸುವ ಕಾರಣಗಳು. ಸಂಬಳ, ಮೇಲಧಿಕಾರಿಗಳ ನಡತೆ, ಸಹೋದ್ಯೋಗಿಗಳ ಸಂಬಂಧ, ಕೆಲಸದ ಸ್ಥಳದ ಸೌಕರ್ಯ ಇವು ಕೆಟ್ಟಾಗ ಅತೃಪ್ತಿಯನ್ನು ಹುಟ್ಟಿಸುವ ಕಾರಣಗಳು. ಮೊದಲಿನವು ಬೀಜದಂತೆ, ಎರಡನೆಯವು ನೆಲದಂತೆ ಎಂದು ಇದನ್ನು ತಿಳಿಯಬಹುದು. ನೆಲ ಹಸನಾದ ಮಾತ್ರಕ್ಕೆ ಬೆಳೆ ಬಾರದು. ಆದರೆ ಬಂಡೆಯ ಮೇಲೆ ಚೆಲ್ಲಿದ ಬೀಜವೂ ಮೊಳೆಯದು. ಈ ಮತವನ್ನು ಮುಂದಿನ ಪಂಡಿತರು ಹಲವು ವಿಧವಾಗಿ ಆಕ್ಷೇಪಿಸಿರುವರಾದರೂ ಅದರ ಭೇದವಿಚಾರವು ಉಪಯುಕ್ತವಾದುದು. ಉಪಾಧ್ಯಾಯರನ್ನೇ ಕುರಿತು ಡ್ಯಾನ್ ಲಾರ್ಟಿ ಎಂಬ ಸಮಾಜಶಾಸ್ತ್ರಜ್ಞರು 1975ರಲ್ಲಿ ಬರೆದ ಗ್ರಂಥವು, ಶಿಷ್ಯನಿಗೆ ತಾನು ತಲುಪಿದೆನೆಂಬ ಅನುಭವವೇ ಉಪಾಧ್ಯಾಯನು ಎಲ್ಲಕ್ಕಿಂತ ಹೆಚ್ಚಾಗಿ ಬೆಲೆಕೊಡುವ ಪ್ರತಿಫಲವೆಂದು ತೋರಿಸಿತು.

ಈ ಮಾತಿನಿಂದ ವಿಶೇಷೋಪಾಧ್ಯಾಯರ ಸಂಕಟದ ಮೂಲವೂ ತಿಳಿಯಬರುವುದು. ಸಾಮಾನ್ಯ ತರಗತಿಯಲ್ಲಿ ನಲವತ್ತು ಮಕ್ಕಳಿಗೆ ಕಲಿಸಿದವರಿಗೆ ವರ್ಷದ ಕೊನೆಯಲ್ಲಿ ಫಲವು ಅಂಕಗಳ ರೂಪದಲ್ಲಿ ಕಾಣುವುದು, ಊರಿನವರಿಗೂ ಕಾಣುವುದು. ಗುಂಡಿ ಹಾಕಿಕೊಳ್ಳಲು ಕಲಿತ ಮಗುವಿಗೆ ಯಾವ ಪರೀಕ್ಷೆಯಲ್ಲಿ ಅಂಕವುಂಟು? ಬಾಗಿಲ ಬಳಿಯಲ್ಲಿಯೇ ಕುಳಿತು ಅಳುತ್ತಿದ್ದವನು ಆರು ತಿಂಗಳ ಮೇಲೆ ಮೂರನೆಯ ಸಾಲಿಗೆ ಬಂದು ಕುಳಿತನೆಂಬುದನ್ನು ತಪಾಸಣೆಗೆ ಬಂದವರು ಯಾವ ಕಲಮಿನಲ್ಲಿ ಬರೆದುಕೊಳ್ಳುವರು? ಫಲವಿಲ್ಲದೆ ಇಲ್ಲ, ಫಲವನ್ನು ಕಾಣುವ ಕಣ್ಣು ಇಲ್ಲ. ತಾನೊಬ್ಬನೇ ಕಂಡ ಫಲವನ್ನು ನಂಬಿ ವರ್ಷಾನುವರ್ಷ ಕೆಲಸಮಾಡುವುದು ಸುಲಭವಲ್ಲ.

ಈಗ ಪೂರ್ವಪಕ್ಷ. ಅದು ಅನ್ಯರದಲ್ಲ, ಮಠದ ಭಕ್ತರ ಬಾಯಿಂದಲೇ ಬರಬಹುದಾದುದು. ಕಾಯಕವೇ ಪೂಜೆಯೆಂದು ಬಗೆದ ಪರಂಪರೆಯಲ್ಲಿ ಹುಟ್ಟಿದವರು ಕೆಲಸಕ್ಕೆ ಬೇರೆ ತೃಪ್ತಿಯನ್ನು ಏಕೆ ಬಯಸಬೇಕು? ದೀನರಾದ ಮಕ್ಕಳ ಸೇವೆಯಂತಹ ಪುಣ್ಯಕಾರ್ಯವು ದೊರಕಿರುವಾಗ ಸಂಬಳ ಸಾಲದು, ಗೌರವ ಸಾಲದು, ಹುದ್ದೆ ಭದ್ರವಿಲ್ಲ ಎಂದು ಕೊರಗುವುದು ಲೌಕಿಕವಲ್ಲವೆ? ಆಯ್ದಕ್ಕಿ ಮಾರಯ್ಯನು ಒಂದು ದಿನ ಎಂದಿಗಿಂತ ಹೆಚ್ಚಾಗಿ ಅಕ್ಕಿಯನ್ನು ಆಯ್ದು ತಂದಾಗ ಅವನ ಧರ್ಮಪತ್ನಿಯಾದ ಲಕ್ಕಮ್ಮನು ಅದನ್ನು ಒಪ್ಪದೆ, ಇದ್ದ ಸ್ಥಳದಲ್ಲಿಯೇ ಚೆಲ್ಲಿ ಬರಲು ಹಿಂದಕ್ಕೆ ಕಳುಹಿಸಿದಳೆಂಬ ಕಥೆಯನ್ನು ಕೇಳಿ ಬೆಳೆದವರು ಹೆಚ್ಚಿನದಕ್ಕೆ ಕೈಚಾಚಬಹುದೆ? ಹೀಗೆಂದು ವಾದಿಸುವವರ ಭಕ್ತಿಯು ಸಂದೇಹಾಸ್ಪದವಲ್ಲ. ಅವರ ವಾದವು ಮಾತ್ರ ಪರೀಕ್ಷೆಗೆ ನಿಲ್ಲದು.

ಸಿದ್ಧಾಂತವನ್ನು ಮೂರು ಮಾತುಗಳಲ್ಲಿ ಹೇಳಬಹುದು. ಮೊದಲನೆಯದು: ಲಕ್ಕಮ್ಮನು ಹಿಂದಿರುಗಿಸಿದುದು ತನ್ನ ಕಾಯಕಕ್ಕೆ ಸಲ್ಲುವುದಕ್ಕಿಂತ ಹೆಚ್ಚಾದುದನ್ನು. ಸಲ್ಲತಕ್ಕುದನ್ನು ತಡೆಹಿಡಿದವರಿಗೆ ಆಕೆಯ ಹೆಸರು ಆಸರೆಯಾಗಲಾರದು. ಹೆಚ್ಚನ್ನು ಒಲ್ಲೆನೆನ್ನುವ ಅಧಿಕಾರವು ದುಡಿದವನಿಗುಂಟು; ಅವನ ಪರವಾಗಿ ಒಲ್ಲೆನೆಂದು ಹೇಳುವ ಅಧಿಕಾರವು ದುಡಿಸಿಕೊಂಡವನಿಗಿಲ್ಲ. ತಾನಾಗಿ ಬಿಟ್ಟುದು ತ್ಯಾಗ. ಪರರು ಬಿಡಿಸಿದುದು ಅನ್ಯಾಯ.

ಎರಡನೆಯದು: ಕಾಯಕತತ್ತ್ವದಲ್ಲಿ ದುಡಿಮೆಯೊಂದೇ ಅಡಗಿಲ್ಲ, ಸಮಾನವಾದ ಪೀಠವೂ ಅಡಗಿರುವುದು. 12ನೆಯ ಶತಮಾನದ ಕಲ್ಯಾಣದಲ್ಲಿ ದೋಣಿ ನಡೆಸುವ ಅಂಬಿಗರ ಚೌಡಯ್ಯನೂ ಬಟ್ಟೆ ಮಡಿಮಾಡುವ ಮಾಚಯ್ಯನೂ ಇತರ ಶರಣರ ಸರಿಸಮಾನವಾಗಿ ಕುಳಿತರೆಂಬುದೇ ಆ ಪರಂಪರೆಯ ಹೆಗ್ಗಳಿಕೆ. ಕೆಲಸವನ್ನು ಪವಿತ್ರವೆಂದು ಹೊಗಳಿ, ಕೆಲಸದವನನ್ನು ಬಾಗಿಲ ಹೊರಗೆ ನಿಲ್ಲಿಸುವುದು ಕಾಯಕದ ಮಾತೆನಿಸದು. ಈ ದೃಷ್ಟಿಯಿಂದ ಒಂದು ಶಾಲೆಯನ್ನು ಕಲ್ಪಿಸಿಕೊಳ್ಳಿರಿ. ವಿಶೇಷೋಪಾಧ್ಯಾಯಿನಿಯೊಬ್ಬಳು ಬಸ್ಸಿನಿಂದಿಳಿದು ಆ ಶಾಲೆಗೆ ಬರುವಳು. ಆಕೆಗೆ ಕುಳಿತುಕೊಳ್ಳಲು ಸ್ಥಳ ಗೊತ್ತುಮಾಡಿಲ್ಲ. ಪಾಠವು ಜಗುಲಿಯ ಮೇಲೆ, ಇಲ್ಲವೆ ಅಕ್ಕಿಚೀಲಗಳಿರುವ ಕೋಣೆಯಲ್ಲಿ. ತರಗತಿಯ ಉಪಾಧ್ಯಾಯರು ಆಕೆಯನ್ನು ಕಂಡೊಡನೆ, "ನಿಮ್ಮ ಹುಡುಗ ಅಲ್ಲಿದ್ದಾನೆ ನೋಡಿರಿ ಬಾಯಿ" ಎನ್ನುವರು. ಆಡಿದವರಿಗೆ ಅದು ಸಹಜವಾದ ಮಾತು. ಆದರೆ ಆ ಮಗುವು ಶಾಲೆಯದಲ್ಲ, ಆಕೆಯೂ ಶಾಲೆಯವಳಲ್ಲ ಎಂಬುದು ಆ ಒಂದೇ ಮಾತಿನಿಂದ ತೀರ್ಮಾನವಾಗಿಹೋಗುವುದು. ಆಕೆಯು ವಾರಕ್ಕೊಮ್ಮೆಯೋ ತಿಂಗಳಿಗೊಮ್ಮೆಯೋ ಬಂದುಹೋಗುವವಳು. ಮಗುವು ನಿತ್ಯವೂ ಇರುವುದು ತರಗತಿಯಲ್ಲಿ. ಶ್ರವಣ ಮಂದವಾದ ಮಗುವಿನ ಕಡೆಗೆ ಮುಖಮಾಡಿ ಮಾತಾಡಬೇಕು, ಕರಿಹಲಗೆಯ ಕಡೆಗೆ ತಿರುಗಿಕೊಂಡು ಬರೆಯುತ್ತ ಮಾತಾಡಬಾರದು; ದೃಷ್ಟಿ ಮಂದವಾದ ಮಗುವನ್ನು ಕಿಟಕಿಯ ಬೆಳಕು ಕಣ್ಣಿಗೆ ಹೊಡೆಯದಂತೆ ಮುಂದೆ ಕೂಡಿಸಿ ದಪ್ಪಕ್ಷರಗಳಲ್ಲಿ ಬರೆಯಬೇಕು; ಕೈಬೆರಳು ಬಿಗಿಯಾದ ಮಗುವಿಗೆ ದಪ್ಪನಾದ ಪೆನ್ಸಿಲನ್ನು ಕೊಡಬೇಕು. ಇವನ್ನು ನಡೆಸತಕ್ಕವರು ತರಗತಿಯ ಉಪಾಧ್ಯಾಯರೇ. ಅವರು ನಡೆಸದಿದ್ದರೆ ವಿಶೇಷೋಪಾಧ್ಯಾಯಿನಿಯು ಕಟ್ಟಿದ ಗೋಡೆಯು ಆಕೆಯು ಮುಂದಿನ ಸಲ ಬರುವುದರೊಳಗೆ ಕುಸಿದಿರುವುದು. ಕುಸಿದ ಗೋಡೆಯನ್ನೇ ಮತ್ತೆ ಮತ್ತೆ ಕಟ್ಟುವವರಿಗೆ ತೃಪ್ತಿಯನ್ನು ಬೋಧಿಸುವುದು ಎಷ್ಟು ಸರಿ?

ಮೂರನೆಯದು: ಉಪಾಧ್ಯಾಯರ ಸಂತೃಪ್ತಿಯು ಅವರ ಸ್ವಂತ ಸುಖದ ಮಾತು ಮಾತ್ರವಲ್ಲ; ಅದು ಮಗುವಿನ ಪಾಲಿನ ಆಸ್ತಿ. ಹಲವು ರಾಜ್ಯಗಳಲ್ಲಿ ವಿಶೇಷೋಪಾಧ್ಯಾಯರನ್ನು ಬಹುವರ್ಷಗಳಿಂದ ಕರಾರಿನ ಮೇಲೆಯೇ ಇಟ್ಟುಕೊಳ್ಳಲಾಗಿತ್ತು. ಮುಂದಿನ ವರ್ಷ ತನ್ನ ಉದ್ಯೋಗವಿರುವುದೋ ಇಲ್ಲವೋ ಎಂದು ತಿಳಿಯದವರು, ಬೇರೆ ಅವಕಾಶ ದೊರೆತೊಡನೆ ಹೊರಟುಹೋದರೆ ತಪ್ಪೆಣಿಸಲಾಗದು. ಆದರೆ ಹೊಸ ಮುಖ, ಹೊಸ ಸ್ವರ, ಹೊಸ ಸ್ಪರ್ಶಗಳೇ ಭೀತಿಯನ್ನುಂಟುಮಾಡುವ ಸ್ವಲೀನತೆಯ ಮಗುವಿಗೆ ಗುರುವಿನ ಬದಲಾವಣೆಯು ಏನನ್ನು ತರುವುದೆಂಬುದನ್ನು ಯೋಚಿಸಬೇಕು. ಎರಡು ವರ್ಷ ಶ್ರಮಪಟ್ಟು ಒಬ್ಬರ ಕೈಯನ್ನು ನಂಬಲು ಕಲಿತ ಮಗುವು ಮತ್ತೆ ಮೊದಲಿನ ಬಾಗಿಲ ಬಳಿಗೆ ಹೋಗಿ ಕುಳಿತುಕೊಳ್ಳುವುದು. ಉಪಾಧ್ಯಾಯರ ಅತೃಪ್ತಿಗೆ ಬೆಲೆ ತೆರುವವರು ಹೀಗೆ ತಮ್ಮ ದುಃಖವನ್ನು ಹೇಳಿಕೊಳ್ಳಲಾರದ ಮಕ್ಕಳೇ ಆಗುವರು.

ಈ ಸಂಗತಿಯು ದೇಶದ ಸರ್ವೋಚ್ಚ ನ್ಯಾಯಾಲಯದ ಮುಂದೆಯೂ ಬಂದಿತು. 2021ರ ಅಕ್ಟೋಬರ್ 28ರ ತೀರ್ಪಿನಲ್ಲಿ ನ್ಯಾಯಾಲಯವು, ಪ್ರಾಥಮಿಕ ಹಂತದಲ್ಲಿ ಇಂಥ 10 ಮಕ್ಕಳಿಗೆ ಒಬ್ಬರು, ಮೇಲಿನ ಹಂತಗಳಲ್ಲಿ 15 ಮಕ್ಕಳಿಗೆ ಒಬ್ಬರು ವಿಶೇಷೋಪಾಧ್ಯಾಯರಿರಬೇಕೆಂಬ ಪ್ರಮಾಣವನ್ನು ಮುಂದಿಟ್ಟು, ಅದಕ್ಕೆ ತಕ್ಕ ಕಾಯಂ ಹುದ್ದೆಗಳನ್ನು ಸೃಷ್ಟಿಸಲು ಆಜ್ಞಾಪಿಸಿತು. ಸಾಕಷ್ಟು ಕಾರ್ಯವು ನಡೆಯದಿರಲಾಗಿ, 2025ರ ಮಾರ್ಚ್ 7ರಂದು ಅದೇ ಪ್ರಕರಣದಲ್ಲಿ, ಹುದ್ದೆಗಳನ್ನು ಪ್ರಕಟಿಸಬೇಕೆಂದೂ, ಕರಾರಿನ ಮೇಲೆ ದುಡಿಯುತ್ತಿರುವವರ ಅರ್ಹತೆಯನ್ನು ಸಮಿತಿಯ ಮೂಲಕ ಪರಿಶೀಲಿಸಬೇಕೆಂದೂ ರಾಜ್ಯಗಳಿಗೆ ವಿಧಿಸಿತು. ನ್ಯಾಯಾಲಯವು ನೆಲವನ್ನು ಹಸನುಮಾಡಲು ಹೇಳಬಲ್ಲುದು. ಮನ್ನಣೆಯೆಂಬ ಬೀಜವನ್ನು ಬಿತ್ತತಕ್ಕವರು ಸಮಾಜದವರೇ.

ಬಿತ್ತಿದರೆ ಬೆಳೆಯುವುದೆಂಬುದಕ್ಕೆ ದೂರದ ದೃಷ್ಟಾಂತ ಬೇಡ. ಹಾನಗಲ್ಲ ತಾಲೂಕಿನಲ್ಲಿ 1892ರಲ್ಲಿ ಜನಿಸಿ, ದೃಷ್ಟಿಯಿಲ್ಲದಿದ್ದರೂ ಹಾನಗಲ್ಲ ಕುಮಾರ ಶಿವಯೋಗಿಗಳ ಕೃಪೆಯಿಂದ ಸಂಗೀತವಿದ್ಯೆಯನ್ನು ಪಡೆದ ಪಂಚಾಕ್ಷರ ಗವಾಯಿಗಳ ಚರಿತ್ರೆಯು ಇಲ್ಲಿ ನೆರೆದವರಿಗೆ ತಿಳಿಯದುದಲ್ಲ. ಅವರ ಶಿಷ್ಯರಲ್ಲಿ ದೃಷ್ಟಿಯಿಲ್ಲದ ಪುಟ್ಟರಾಜ ಗವಾಯಿಗಳಿದ್ದರು. ದೃಷ್ಟಿಯುಳ್ಳ ಬಸವರಾಜ ರಾಜಗುರುಗಳೂ ಇದ್ದರು. ಸಮನ್ವಯ ಶಿಕ್ಷಣವೆಂಬ ಹೆಸರು ಹುಟ್ಟುವುದಕ್ಕೆ ಬಹುಕಾಲ ಮೊದಲೇ ಅದು ಅಲ್ಲಿ ನಡೆದಿತ್ತು. 1944ರಲ್ಲಿ ಗುರುಗಳು ಲಿಂಗೈಕ್ಯರಾದ ಮೇಲೆ ಗದಗಿನ ವೀರೇಶ್ವರ ಪುಣ್ಯಾಶ್ರಮದ ಭಾರವನ್ನು ಪುಟ್ಟರಾಜ ಗವಾಯಿಗಳು ಹೊತ್ತು, 2010ರವರೆಗೆ, ಎಂದರೆ 66 ವರ್ಷಗಳ ಕಾಲ ನಡೆಯಿಸಿದರು. ಈ ದೀರ್ಘಕಾಯಕವು ಒಬ್ಬರ ತಪೋಬಲದಿಂದಲೇ ನಿಂತಿತೆಂದು ಹೇಳುವುದು ಭಕ್ತಿಗೆ ಸೊಗಸು, ಸತ್ಯಕ್ಕೆ ಅರ್ಧ. ಅಲ್ಲಿ ಕಲಿಸುವವರಿಗೆ ಗುರುಪೀಠವಿತ್ತು. ಶಿಷ್ಯನು ನಿತ್ಯವೂ ಸನ್ನಿಧಿಯಲ್ಲಿದ್ದನು. ಶಿಷ್ಯನು ಸಭೆಯಲ್ಲಿ ಹಾಡಿದಾಗ ಫಲವನ್ನು ನೂರಾರು ಜನರು ಕಿವಿಯಾರೆ ಕೇಳಿದರು. ಊರೂರ ಭಕ್ತರು ದಾಸೋಹಕ್ಕೆ ಕಾಳುಕಡಿಗಳನ್ನು ಹೊತ್ತು ತಂದರು. ಸ್ಥಾನ, ಸಾತತ್ಯ, ಮನ್ನಣೆ, ಆಧಾರ ಈ ನಾಲ್ಕೂ ಅಲ್ಲಿ ಕೂಡಿಬಂದಿದ್ದವು. ತಾಲೂಕಿನ ಶಾಲೆಯಿಂದ ಶಾಲೆಗೆ ಅಲೆಯುವ ಉಪಾಧ್ಯಾಯಿನಿಗೆ ಇವುಗಳಲ್ಲಿ ಎಷ್ಟು ದೊರೆತಿರುವುವೆಂದು ಪ್ರತಿಯೊಬ್ಬರೂ ತಮ್ಮ ಊರಿನ ಶಾಲೆಯನ್ನು ನೋಡಿ ಉತ್ತರಿಸಿಕೊಳ್ಳಬೇಕು.

ಇನ್ನು ಪ್ರಯೋಜನ. ವಿಚಾರವು ಆಚಾರದಲ್ಲಿ ಮುಗಿಯದಿದ್ದರೆ ಉಪನ್ಯಾಸವು ಕಾಲಹರಣವಾಗುವುದು. ಮುಖ್ಯೋಪಾಧ್ಯಾಯರಾದವರು ವಿಶೇಷೋಪಾಧ್ಯಾಯರಿಗೆ ಒಂದು ಕುರ್ಚಿ, ಒಂದು ಕಪಾಟು, ಗದ್ದಲವಿಲ್ಲದ ಒಂದು ಮೂಲೆಯನ್ನು ಗೊತ್ತುಮಾಡತಕ್ಕದ್ದು. ಅವರು ಬಂದ ದಿನ ತರಗತಿಯ ಉಪಾಧ್ಯಾಯರೊಡನೆ ಕುಳಿತು ಮಾತಾಡಲು ಅರ್ಧ ಗಂಟೆಯನ್ನು ವೇಳಾಪತ್ರಿಕೆಯಲ್ಲಿಯೇ ಬರೆದಿಡತಕ್ಕದ್ದು. ರಜೆಯಲ್ಲಿರುವವರ ತರಗತಿಯನ್ನು ನೋಡಿಕೊಳ್ಳಲು ಅವರನ್ನು ಕಳುಹಿಸಕೂಡದು. ಮಗುವಿನ ಪ್ರಗತಿಯನ್ನು ಇತರ ಮಕ್ಕಳ ಅಂಕಗಳೊಡನೆ ತೂಗದೆ, ಆ ಮಗುವು ಜೂನ್ ತಿಂಗಳಲ್ಲಿ ಏನು ಮಾಡಬಲ್ಲುದಾಗಿತ್ತು, ಮಾರ್ಚ್ ತಿಂಗಳಲ್ಲಿ ಏನು ಮಾಡಬಲ್ಲುದು ಎಂಬುದನ್ನು ಬರೆದಿಟ್ಟು, ಪಾಲಕರ ಸಭೆಯಲ್ಲಿ ಓದಿ ಹೇಳಬೇಕು. ಇದಕ್ಕೆ ಹಣವೂ ಬೇಡ, ಆಜ್ಞೆಯೂ ಬೇಡ. ಕಾಣದಿದ್ದ ಫಲವು ಊರಿಗೆ ಕಾಣುವುದು ಇದರಿಂದಲೇ.

ಭಕ್ತರಲ್ಲಿ ಅನೇಕರು ತಮ್ಮೂರಿನ ಶಾಲಾಭಿವೃದ್ಧಿ ಸಮಿತಿಯ ಸದಸ್ಯರಾಗಿರುವರು. ಕಟ್ಟಡಕ್ಕೆ ಬಣ್ಣ ಹಚ್ಚುವ ಚರ್ಚೆಯ ನಡುವೆ, ಆ ಶಾಲೆಯಲ್ಲಿ ಇಂಥ ಮಕ್ಕಳೆಷ್ಟು, ಅವರಿಗೆ ಕಲಿಸುವವರು ಬರುತ್ತಿರುವರೆ, ಅವರ ಹುದ್ದೆ ಖಾಲಿಯಿರುವುದೆ ಎಂದು ಒಂದು ಪ್ರಶ್ನೆಯನ್ನು ಅವರು ಕೇಳಬಹುದು. ಇಂಥ ಮಗುವಿನ ತಾಯಿತಂದೆಗಳು, ಕಲಿಸಿದವರ ಕೈಹಿಡಿದು ಮಗುವು ಮನೆಯಲ್ಲಿ ಏನನ್ನು ಹೊಸದಾಗಿ ಮಾಡಿತೆಂದು ಹೇಳಬಹುದು. ಅಂಥ ಒಂದು ಮಾತನ್ನು ಕೇಳಿದ ಉಪಾಧ್ಯಾಯರು ಅದನ್ನು ಎಷ್ಟೋ ದಿನಗಳ ಬುತ್ತಿಯಾಗಿ ಕಟ್ಟಿಕೊಂಡು ನಡೆಯುವರು. ವಿದ್ಯಾಸಂಸ್ಥೆಗಳನ್ನು ನಡೆಯಿಸುವ ಮಠಗಳಾದರೋ ಇನ್ನೂ ಒಂದು ಹೆಜ್ಜೆ ಮುಂದಿಡಬೇಕು. ತಮ್ಮ ಪ್ರಾಥಮಿಕ ಶಾಲೆಗಳಲ್ಲಿ ವಿಶೇಷೋಪಾಧ್ಯಾಯರನ್ನು ಭದ್ರವಾದ ಹುದ್ದೆಯ ಮೇಲೆ, ಇತರರಿಗೆ ಸಮನಾದ ವೇತನದ ಮೇಲೆ ನೇಮಿಸುವುದು ಅನ್ನದಾಸೋಹಕ್ಕೆ ಸಮನಾದ ದಾಸೋಹ. ವರುಷಕ್ಕೊಮ್ಮೆ ಸಭೆಗೆ ಕರೆದು ಶಾಲು ಹೊದಿಸಿ, ಉಳಿದ ದಿನಗಳಲ್ಲಿ ಮರೆಯುವುದರಿಂದ ಆ ಋಣವು ತೀರದು.

ಸಂತೃಪ್ತಿಯು ಕಾಯಕದ ಫಲವೆಂಬುದು ದಿಟ. ಆದರೆ ಫಲವನ್ನು ಬೇಡುವುದಕ್ಕೆ ಮುಂಚೆ ಗಿಡಕ್ಕೆ ನೀರೆರೆದವರಾರೆಂದು ಕೇಳಿಕೊಳ್ಳುವುದು ಧರ್ಮ. ಅಂಗಿಯ ಗುಂಡಿಯ ಪಾಠದಲ್ಲಿ ಕೊನೆಯ ಎಳೆತವನ್ನು ಮಗುವಿಗೆ ಬಿಟ್ಟು, ಪೂರ್ಣಗೊಳಿಸಿದ ಸಂತೋಷವನ್ನೆಲ್ಲ ಅದಕ್ಕೇ ಕೊಟ್ಟ ಉಪಾಧ್ಯಾಯರ ಸಂತೋಷವನ್ನು ಪೂರ್ಣಗೊಳಿಸತಕ್ಕವರು ಇಲ್ಲಿ ಕುಳಿತಿರುವ ಸದ್ಭಕ್ತರೇ ಆಗಿರುವರು. ಆ ಕರ್ತವ್ಯಕ್ಕೆ ಶ್ರೀಮಠದ ಈ ಸುವರ್ಣ ಮಹೋತ್ಸವವು ಶುಭಾರಂಭವಾಗಲಿ. ಕಲಿಯುವವರಿಗೂ ಕಲಿಸುವವರಿಗೂ ಸನ್ಮಂಗಳವಾಗಲಿ.